ಏಕಾಂತಯ್ಯ ರಾಜದೂತ್ ಕಲಿತದ್ದು

ತುರುವೇಕೆರೆ ಪೇಟೆಯಲ್ಲಿ ಸೈಕಲ್ ತುಳಿಯಬಲ್ಲವರಲ್ಲಿ ಅರ್ಧಕ್ಕರ್ಧ ಜನ ಏಕಾಂತಯ್ಯನ ಅಂಗಡಿಯ ಬಾಡಿಗೆ ಸೈಕಲ್ಲಿನ ಮೇಲೇ ಕಲಿತವರು. ಹಿಂದಿನ ಕ್ಯಾರಿಯರ್ ಹಿಡಿದು ಜೊತೆಗೇ ಓಡಿ, ಕಲಿಯುವವನಿಗೆ ಗೊತ್ತೇ ಆಗದಂತೆ ಕೈ ಬಿಡುವುದರಲ್ಲಿ ಅವನು ಪಳಗಿದ್ದ. ಎರಡು ಗಾಲಿಯ ವಿಷಯದಲ್ಲಿ ತನ್ನನ್ನು ಮೀರಿಸುವವರು ಊರಲ್ಲಿಲ್ಲ ಎಂಬ ಸಣ್ಣ ಜಂಬವೂ ಇತ್ತು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಆ ಜಂಬಕ್ಕೆ ಪೆಟ್ಟು ಬಿತ್ತು.

ಪೆಟ್ಟು ಕೊಟ್ಟವನು ಷಡ್ಡಕ ತೋಂಟದಾರ್ಯ. ಏಕಾಂತಯ್ಯನ ಹೆಂಡತಿ ಸರ್ವಮಂಗಳಳ ತಂಗಿಯನ್ನು ಮದುವೆಯಾಗಿದ್ದ ಅವನು ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಎತ್ತರದ ಆಳು, ಮಾತೂ ಚುರುಕು. ಸಂಕ್ರಾಂತಿಗೆ ಹೊಸ ಯೆಜ್ದಿ ಮೋಟಾರ್ ಸೈಕಲ್ ತಂದಿದ್ದ. ಚಿಕ್ಕನಾಯಕನಹಳ್ಳಿಯ ಮಾವನ ಮನೆಯಲ್ಲಿ ಕಿರಿಯಳಿಯನಿಗೆ ಮೊದಲೇ ಒಂದು ತೂಕ ಹೆಚ್ಚು. ಈಗಂತೂ ಬೀದಿಯ ಕೊನೆಯಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ಅತ್ತೆ ವಿಮಲಮ್ಮ ಒಲೆಯ ಮೇಲೆ ಬಾಣಲೆ ಇಡುತ್ತಿದ್ದರು. ಏಕಾಂತಯ್ಯ ಬಸ್ಸಿಳಿದು ಧೂಳು ಕೊಡವುತ್ತ ಹೋದರೆ, "ಬಂದ್ರಾ, ಕೈಕಾಲು ತೊಳ್ಕಳಿ" ಅನ್ನುವುದಷ್ಟೇ.

ಇದಿಷ್ಟನ್ನು ಅವನು ನುಂಗಿಕೊಂಡಿರುತ್ತಿದ್ದನೇನೋ. ಆದರೆ ಮಾಘದಲ್ಲಿ ತವರಿಗೆ ಹೋಗಿದ್ದ ಸರ್ವಮಂಗಳ ಹತ್ತು ದಿನ ಕಳೆದು ಹಿಂತಿರುಗಿದ್ದು ಬಸ್ಸಿನಲ್ಲಲ್ಲ. ಅಂಗಡಿಯ ಮುಂದೆ ಯೆಜ್ದಿ ಬಂದು ನಿಂತಿತು. ಹಿಂದಿನಿಂದ ಅವಳು ಸೆರಗು ಬಿಗಿದುಕೊಂಡು, ಕೆದರಿದ ಮುಂಗೂದಲು ಸರಿಸಿಕೊಳ್ಳುತ್ತ ಇಳಿದಳು. ಇಳಿಯುವಾಗ ನಗುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಹಾಗೆ ಬಾಯ್ತುಂಬ ನಗುವುದನ್ನು ಏಕಾಂತಯ್ಯ ಕಂಡಿರಲಿಲ್ಲ.

"ಬಸ್ಸಿಗೇನಾಗಿತ್ತು?" ಎಂದ.

"ಕೆಟ್ಟು ನಿಂತಿತ್ತಂತೆ. ಇವರು ಹೆಂಗೂ ಈ ಕಡೆ ಬರ್ತಿದ್ರು."

"ಅಕ್ಕಂಗೆ ಧೈರ್ಯ ಜಾಸ್ತಿ ಕಣಣ್ಣ," ಎಂದು ತೋಂಟದಾರ್ಯ ಗಾಡಿ ತಿರುಗಿಸಿದ. ಕಾಫಿಗೂ ನಿಲ್ಲಲಿಲ್ಲ.

ಅಂದು ಏಕಾಂತಯ್ಯನಿಗೆ ಊಟ ಸೇರಲಿಲ್ಲ. ಷಡ್ಡಕ ಅಕ್ಕನೆಂದು ಕರೆಯುತ್ತಾನೆ, ತಮ್ಮನ ಸಮಾನ, ತಪ್ಪೇನಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಮನಸ್ಸು ಕೇಳಲಿಲ್ಲ. ಧೈರ್ಯ ಜಾಸ್ತಿ ಎಂದನಲ್ಲ, ಅದು ಅವನಿಗೆ ಹೇಗೆ ಗೊತ್ತು? ನನ್ನ ಹೆಂಡತಿಯ ಧೈರ್ಯದ ಲೆಕ್ಕ ನನಗಿಲ್ಲದ್ದು ಅವನಿಗೆ ಎಲ್ಲಿಂದ ಬಂತು? ಮಾರನೆಯ ವಾರವೇ ತಿಪಟೂರಿನ ಬಸ್ಸು ಹತ್ತಿದ.

ಮೆಕ್ಯಾನಿಕ್ ದುರ್ಗಯ್ಯ ತನ್ನ ಗ್ಯಾರೇಜಿನಲ್ಲಿ ಮೂರು ಹಳೆಯ ಗಾಡಿ ಮಾರಾಟಕ್ಕೆ ನಿಲ್ಲಿಸಿದ್ದ. ಯೆಜ್ದಿಯ ಕಡೆ ಏಕಾಂತಯ್ಯ ತಿರುಗಿಯೂ ನೋಡಲಿಲ್ಲ; ಕೊಂಡರೆ ಷಡ್ಡಕನನ್ನು ನೋಡಿ ಕೊಂಡ ಅನ್ನುತ್ತಾರೆ. ನೇರವಾಗಿ ಹೋಗಿ ಬುಲೆಟ್ಟಿನ ಟ್ಯಾಂಕಿನ ಮೇಲೆ ಕೈ ಇಟ್ಟ. ಯೆಜ್ದಿಯನ್ನು ಸಣ್ಣದು ಮಾಡಬಲ್ಲ ಗಾಡಿ ಅದೊಂದೇ.

ದುರ್ಗಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. "ಸ್ವಾಮಿ, ಕಲಿಯೋರು ಬೀಳದೆ ಇರಲ್ಲ. ಓಡಿಸೋಕಾಗ್ತದಾ ಅಂತ ಆಮೇಲೆ ನೋಡುವಾ. ಬಿದ್ದಾಗ ಎತ್ತೋಕಾಗ್ತದಾ, ಮೊದ್ಲು ಅದು ನೋಡಿ." ಎಂದವನೇ ಬುಲೆಟ್ಟನ್ನು ಗೋಣಿಚೀಲದ ಮೇಲೆ ಮಲಗಿಸಿಬಿಟ್ಟ.

ಏಕಾಂತಯ್ಯ ಪಂಚೆ ಎತ್ತಿಕಟ್ಟಿ ಎರಡು ಸಲ ಹೆಣಗಿದ. ಗಾಡಿ ಮೊಳದಷ್ಟು ಎದ್ದು ಮತ್ತೆ ಮಲಗಿತು. ಆಮೇಲೆ ಅದಕ್ಕಿಂತ ಹಗುರದ ರಾಜದೂತನ್ನು ಮಲಗಿಸಿದರು. ಹಲ್ಲು ಕಚ್ಚಿ ಎತ್ತಿದ, ಎದ್ದಿತು.

"ಇದೇ ನಿಮ್ದು," ಎಂದ ದುರ್ಗಯ್ಯ. "ಕಲ್ಲಿಗೂ ಸೈ, ಕೆಸರಿಗೂ ಸೈ."

ದುರ್ಗಯ್ಯನೇ ಗಾಡಿಯನ್ನು ಊರಿಗೆ ತಂದು, ಬತ್ತಿದ ಕೆರೆಯ ಅಂಗಳದಲ್ಲಿ ಒಂದು ಮಧ್ಯಾಹ್ನ ಕಿಕ್ಕು, ಗೇರು, ಕ್ಲಚ್ಚು ತೋರಿಸಿ ಹೋದ. ಆಮೇಲೆ ಏಕಾಂತಯ್ಯ ಬೆಳ್ಳಂಬೆಳಗ್ಗೆ, ಜನ ಏಳುವ ಮುಂಚೆ, ಒಬ್ಬನೇ ಹೋಗತೊಡಗಿದ. ಇಪ್ಪತ್ತು ವರ್ಷದ ಸೈಕಲ್ ಅಭ್ಯಾಸವೇ ಅವನಿಗೆ ಅಡ್ಡ ಬಂತು. ಹೆದರಿಕೆಯಾದರೆ ಎಡಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು. ಮೊದಲ ದಿನ ಜಾಲಿ ಮೆಳೆಗೆ ನುಗ್ಗಿದ. ಎರಡನೇ ದಿನ ಮೊಣಕೈ ತರಚಿಕೊಂಡ. ಮೂರನೇ ದಿನ ಸರ್ವಮಂಗಳ ಹಿಂದೆಯೇ ಬಂದು ಏರಿಯ ಕೆಳಗೆ ನಿಂತಳು. ಅವಳ ಕಣ್ಣೆದುರೇ ಗಾಡಿ ಇಳಿಜಾರಿನಲ್ಲಿ ಓಡಿ ಅವನ ಸಮೇತ ಮಗುಚಿಕೊಂಡಿತು.

ಅವಳು ಓಡಿ ಬಂದು ಹಿಂಬದಿ ಹಿಡಿದು ಎತ್ತಲು ಕೈ ಕೊಟ್ಟಳು. "ಬೆದರಿದಾಗೆಲ್ಲ ಎಡಗೈ ಹಿಡೀತೀರಿ ಕಣ್ರೀ. ಅದು ಸೈಕಲ್ ಬ್ರೇಕಲ್ಲ, ಕ್ಲಚ್ಚು. ಅದನ್ನ ಹಿಡಿದ್ರೆ ಇಳಿಜಾರಲ್ಲಿ ಗಾಡಿ ನಿಲ್ಲಲ್ಲ, ಇನ್ನೂ ಓಡ್ತದೆ. ಬಲಗಾಲಿನ ಬ್ರೇಕ್ ಒತ್ತಿ."

ಏಕಾಂತಯ್ಯ ಮೈಮೇಲಿನ ಮಣ್ಣನ್ನೂ ಕೊಡವದೆ ನಿಂತ. "ನಿಂಗೆಂಗೆ ಗೊತ್ತು?"

ಅವಳು ತಲೆ ತಗ್ಗಿಸಲಿಲ್ಲ. "ಊರಿಗೆ ಹೋಗಿದ್ನಲ್ಲ, ಆಗ. ತಂಗಿಗೆ ಅವಳ ಗಂಡ ಯೆಜ್ದಿ ಕಲಿಸ್ತಿದ್ರು, ಅಪ್ಪನ ತೋಟದ ಹಿಂದಿನ ಬಯಲಲ್ಲಿ. ಅಕ್ಕ ನೀವೂ ಬನ್ನಿ ಅಂದ್ರು. ಐದು ದಿನ ಓಡಿಸ್ದೆ. ಮೂರನೇ ಗೇರಿನವರೆಗೂ ಹಾಕ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಂತಿದ್ರಿ?"

ಏನನ್ನುತ್ತಿದ್ದನೆಂಬುದು ಇಬ್ಬರಿಗೂ ಗೊತ್ತಿತ್ತು. ಮದುವೆಯಾದ ವರ್ಷ ಅವಳು, ಅಂಗಡಿಯಲ್ಲಿ ಅಷ್ಟು ಸೈಕಲ್ ಅವೆ, ನಂಗೂ ಒಂದಿಷ್ಟು ಕಲಿಸ್ರೀ, ಎಂದು ಕೇಳಿದ್ದಳು. ಜನ ಏನಂತಾರೆ, ಸುಮ್ನಿರು, ಎಂದಿದ್ದ. ಊರಿನ ಮಕ್ಕಳಿಗೆಲ್ಲ ಹಿಂದಿನಿಂದ ಹಿಡಿದುಕೊಂಡು ಓಡಿದವನು ಹೆಂಡತಿಗೆ ಅಷ್ಟಂದು ಮರೆತುಬಿಟ್ಟಿದ್ದ. ಅವಳು ಮತ್ತೆ ಕೇಳಿರಲಿಲ್ಲ.

ಗಾಡಿಯನ್ನು ತಳ್ಳಿಕೊಂಡೇ ಮನೆಗೆ ಬಂದು, ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೊಂದು ಗೋಣಿತಾಟು ಹೊದಿಸಿದ. ಎಂಟು ದಿನ ಹೆಂಡತಿಯೊಂದಿಗೆ ಬೇಕಾದ್ದಷ್ಟೇ ಮಾತು. ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕೂತರೂ ಕಣ್ಣಿಗೆ ಅದೇ ಬಯಲು ಕಟ್ಟುತ್ತಿತ್ತು: ಅವಳು ಗಾಡಿಯ ಮೇಲೆ, ತೋಂಟದಾರ್ಯ ಪಕ್ಕದಲ್ಲಿ ಓಡುತ್ತ, ಹಾಂ ಅಕ್ಕ, ಹಂಗೇ ಅಕ್ಕ, ಅನ್ನುತ್ತ. ಅವನು ನನ್ನ ಹೆಂಡತಿಗೆ ಕಲಿಸಿದ ಎಂಬ ಉರಿ ಒಂದು ಕಡೆ. ನಾನು ಕಲಿಸಲಿಲ್ಲ ಎಂಬುದು ಇನ್ನೊಂದು ಕಡೆ. ಮೊದಲನೆಯದನ್ನು ಅವನ ಮೇಲೆ ಹಾಕಬಹುದಿತ್ತು. ಎರಡನೆಯದನ್ನು ಯಾರ ಮೇಲೂ ಹಾಕಲು ಆಗಲಿಲ್ಲ.

ಒಂಬತ್ತನೇ ಬೆಳಗ್ಗೆ ಗೋಣಿತಾಟು ತೆಗೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತ. "ಬತ್ತೀಯಾ?"

ಅವಳು ಒಲೆಯ ಉರಿ ತಗ್ಗಿಸಿ ಬಂದಳು.

ಹನ್ನೊಂದು ದಿನ ಹಿಡಿಯಿತು. ಅವಳು ಹಿಂದೆ ಕೂತು ಕಿವಿಯ ಹತ್ತಿರ ಹೇಳುವಳು: "ಬುಡಿ, ಕ್ಲಚ್ಚು ನಿಧಾನಕ್ಕೆ ಬುಡಿ, ಈಗ ರೇಸ್ ಕೊಡಿ." ಅವಳು ಬಯ್ಯಲಿಲ್ಲ, ನಗಲಿಲ್ಲ. ಒಂದು ದಿನ ಅವನೇ ಇಳಿದು, "ಎಲ್ಲಿ, ನೀನೊಂದು ಸುತ್ತು ಹಾಕು, ನೋಡ್ತೀನಿ," ಎಂದ. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಅವಳು ಕೆರೆಯಂಗಳದ ಆಚೆ ತುದಿಯವರೆಗೂ ಹೋಗಿ, ಗಾಡಿ ಒಂದಿಷ್ಟೂ ತೂರಾಡದಂತೆ ತಿರುಗಿಸಿಕೊಂಡು ಬಂದಳು. ಚೆನ್ನಾಗಿ ಓಡಿಸಿದಳು. ತನಗಿಂತ ಚೆನ್ನಾಗಿ. ಹೆಮ್ಮೆಯಾಗಬೇಕಾದಲ್ಲಿ ಮತ್ತೆ ಎದೆಯಲ್ಲಿ ಮುಳ್ಳಾಡಿತು. "ಪರವಾಗಿಲ್ಲ," ಎಂದಷ್ಟೇ ಹೇಳಿದ.

ಯುಗಾದಿಯ ಮಾರನೆಯ ದಿನ ಇಬ್ಬರೂ ರಾಜದೂತಿನಲ್ಲಿ ಚಿಕ್ಕನಾಯಕನಹಳ್ಳಿಗೆ ಹೋದರು. ಸದ್ದು ಕೇಳಿ ಹೊರಗೆ ಬಂದ ವಿಮಲಮ್ಮ, "ಅಯ್ಯೋ, ಅಳಿಯಂದ್ರು ನೀವಾ," ಎಂದು ಅಕ್ಕರೆಯಿಂದಲೇ ಒಳಕ್ಕೆ ಕರೆದರು. ತೋಂಟದಾರ್ಯ ಮೊದಲೇ ಬಂದಿದ್ದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಒಳ್ಳೇ ಗಾಡಿ ಕಣಣ್ಣ. ಯಾರು ಕಲಿಸಿದ್ರು?" ಎಂದ.

ಏಕಾಂತಯ್ಯನ ಬಾಯಿಗೆ ದುರ್ಗಯ್ಯನ ಹೆಸರು ಬಂದಿತ್ತು. ಸರ್ವಮಂಗಳ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ನಿಮ್ಮಕ್ಕ," ಎಂದ.

ತೋಂಟದಾರ್ಯನ ಮುಖ ಅರಳಿತು. "ಹಂಗಾದ್ರೆ ನೀವು ನನ್ನ ಶಿಷ್ಯೆಗೆ ಶಿಷ್ಯ ಆದ್ರಿ." ಮನೆಯವರೆಲ್ಲ ನಕ್ಕರು. ಅದರಲ್ಲಿ ಕುಹಕವಿರಲಿಲ್ಲ ಎಂಬುದು ಏಕಾಂತಯ್ಯನಿಗೂ ತಿಳಿಯಿತು. ತಿಳಿದರೂ ಎಲೆಯ ಮೇಲಿನ ಒಬ್ಬಟ್ಟು ಕಹಿಯಾಯಿತು.

ಸಂಜೆ ಹೊರಟಾಗ ಸರ್ವಮಂಗಳ ಹಿಂದೆ ಕೂತು ಅವನ ಹೆಗಲ ಮೇಲೆ ಕೈ ಇಟ್ಟಳು. ಊರು ದಾಟಿ ಸ್ವಲ್ಪ ದೂರ ಬಂದರು. ತೆಂಗಿನಕಾಯಿ ತುಂಬಿದ ಎತ್ತಿನ ಗಾಡಿಯೊಂದು ಅಡ್ಡ ಬಂದಾಗ ವೇಗ ತಗ್ಗಿಸಿ, ಮುಂದೆ ನೋಡುತ್ತಲೇ ಕೇಳಿದ:

"ಅವತ್ತು ಅವನ ಹಿಂದೆ ಕೂತು ಬಂದ್ಯಲ್ಲ, ಕೈ ಎಲ್ಲಿ ಇಟ್ಕಂಡಿದ್ದೆ?"

"ಹಿಂದಿನ ಕಂಬಿ ಹಿಡ್ಕಂಡಿದ್ದೆ," ಎಂದಳು. ಆಮೇಲೆ, "ಇದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ?"

ಏಕಾಂತಯ್ಯನಿಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲೇ, ಮುಚ್ಚಿಡಲಾರದಷ್ಟು ಸಂತೋಷವೂ ಆಯಿತು. ಎತ್ತಿನ ಗಾಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅವನು ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟು ಮುಂದಕ್ಕೆ ಹೊರಟ.