ನಮ್ಮ ಪಾಲಿನ ನೆಂಟರು

ಇಗಿಲ್ ಗುಡ್ಡದ ಆಚೆ ಬೆಂಕಿ ಬಿದ್ದು ಎರಡು ದಿನವಾಗಿತ್ತು. ಬೆಂಕಿ ನಮಗೆ ಕಾಣುತ್ತಿರಲಿಲ್ಲ. ಹೊಗೆ ಮಾತ್ರ ಕಣಿವೆ ದಾಟಿ ಬಂದು ನಮ್ಮೂರಿನ ಹೆಂಚುಗಳ ಮೇಲೆ ಕೂತಿತ್ತು. ಬೆಳಗಿನಿಂದ ಸಂಜೆಯವರೆಗೂ ಸೂರ್ಯ ದಾಳಿಂಬೆ ಬಣ್ಣದಲ್ಲೇ ಇದ್ದ. ಬೇಸಿಗೆಯ ಹೊಗೆಯೆಂದರೆ ಬೆಟ್ಟದ ರಕ್ಕಸಿ ಬಿಚ್ಚಿ ಹರವಿದ ತಲೆಗೂದಲು, ಸಿಕ್ಕು ಬಿಡಿಸಿ ಜಡೆ ಹೆಣೆದುಕೊಳ್ಳುವವರೆಗೂ ಅವಳು ಕದಲುವುದಿಲ್ಲ ಎಂದು ಅಜ್ಜಿ ನನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಮದುವೆಯ ವಯಸ್ಸು ಬಂದರೂ ನಾನು ಅಟ್ಟದ ಕಿಟಕಿಯಲ್ಲಿ ಕೂತು, ಆ ಕೂದಲಲ್ಲಿ ಬಾಚಣಿಗೆ ಎಲ್ಲಾದರೂ ಮಿಂಚುತ್ತದೆಯೇ ಎಂದು ಹುಡುಕುತ್ತಿದ್ದೆ.

"ತಿಜಿರಿ, ನೀನು ಹಂಗೆ ನೋಡ್ತಾ ಕೂತ್ರೆ ಹೊಗೆ ನಾಚಿಕೊಂಡು ಓಡಿಹೋಗತ್ತಾ? ಇಳಿದು ಬಾ, ಹಾಸಿಗೆ ಮೇಲೆ ಬೂದಿ ಬೀಳ್ತಿದೆ," ಎಂದು ಅಜ್ಜಿ ಅಂಗಳದಿಂದ ಕೂಗಿದಳು.

ಆ ದಿನ ಇಗಿಲ್ ಊರು ಖಾಲಿಯಾಗುತ್ತಿತ್ತು. ಅಲ್ಲಿಯವರೆಲ್ಲ ನಮ್ಮೂರಿಗೆ ಬರುತ್ತಾರೆ, ಚಾವಡಿಯಲ್ಲಿ ಹಿರಿಯರು ಒಂದೊಂದು ಮನೆಯ ಹೆಸರು ಕೂಗಿ ಒಂದೊಂದು ಸಂಸಾರವನ್ನು ಒಪ್ಪಿಸುತ್ತಾರೆ ಎಂಬ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಅಜ್ಜಿ ಹಾಸಿಗೆಗಳನ್ನೆಲ್ಲ ಹೊರಗೆ ತೆಗೆಸಿದ್ದಳು. ಅಮ್ಮ ದೊಡ್ಡ ಗಡಿಗೆಯ ತಳದಿಂದ ಹಳೆಯ ಆಲಿವ್ ಎಣ್ಣೆ ಬಗ್ಗಿಸಿದ್ದಳು. ರವೆಗೆ ನೀರು ಚಿಮುಕಿಸಿ ಕುಸ್ಕುಸ್ ಕಾಳು ನಾನು ಹೊಸೆದಿದ್ದೆ, ಹಾಗಾಗಿ ಅದರಲ್ಲಿ ಗಂಟುಗಳಿದ್ದವು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು ಹೆಂಗಸರು. ಅಂದಿನಿಂದ ಚಾವಡಿಯವರು ನಮ್ಮ ಮೇಲೆ ಕರುಣೆ ತೋರಿಸುತ್ತ ಬಂದಿದ್ದರು. ಊರ ಬುಗ್ಗೆಯ ಹೂಳೆತ್ತುವಾಗ, ದಾರಿಗೆ ಕಲ್ಲು ಹೊರುವಾಗ, ಊರೆಲ್ಲ ದುಡ್ಡು ಹಾಕಿ ಮಾಂಸಕ್ಕೆಂದು ಎತ್ತು ಕೊಳ್ಳುವಾಗ ಮನೆಗಳ ಹೆಸರು ಕೂಗುವವರು ನಮ್ಮ ಆತ್ ಮೆಜ್ಯಾನರ ಮನೆ ಬಂದಾಗ ಒಮ್ಮೆ ಕೆಮ್ಮಿ ಮುಂದಿನ ಮನೆಗೆ ಹೋಗಿಬಿಡುತ್ತಿದ್ದರು. ಎತ್ತಿನ ಮಾಂಸದ ಪಾಲು ಮಾತ್ರ ತಪ್ಪದೆ ಮನೆಗೆ ಬರುತ್ತಿತ್ತು. ಅಜ್ಜಿ ಅದನ್ನು ಬೇಯಿಸಿ ನಮಗೆ ಬಡಿಸುತ್ತಿದ್ದಳೇ ಹೊರತು ತಾನು ಬಾಯಿಗೆ ಇಡುತ್ತಿರಲಿಲ್ಲ.

"ನೆಂಟರ ವಿಷಯದಲ್ಲಿ ಹಂಗೆ ಮಾಡಲ್ಲ. ಕರುಣೆಗೂ ಒಂದು ಮರ್ಯಾದೆ ಬೇಡ್ವಾ?" ಎಂದಳು ಆ ದಿನ, ಅಮ್ಮನಿಗೋ ತನಗೋ ತಿಳಿಯದ ಹಾಗೆ.

ಮಧ್ಯಾಹ್ನ ಲಾರಿಗಳು ಬಂದವು, ಹೇಸರಗತ್ತೆಗಳು ಬಂದವು. ನಾನು ಹೆಂಗಸರ ಓಣಿಯಿಂದ ಹೋಗಿ ಚಾವಡಿಯ ಹಿಂಗೋಡೆಗೆ ಕಿವಿಕೊಟ್ಟು ನಿಂತೆ. ಊರ ಹಿರಿಯ ಮೊಕ್ರಾನ್ ಕೂಗುತ್ತಿದ್ದ. ಒಂದೊಂದು ಮನೆಯವರೂ "ಬನ್ನಿ, ನಮ್ಮ ಮನೆ ನಿಮ್ಮದೇ," ಎಂದು ಮಕ್ಕಳನ್ನು ಎತ್ತಿಕೊಂಡು, ಗಂಟುಗಳನ್ನು ಹೊತ್ತುಕೊಂಡು ಹೊರಟರು. ನಮ್ಮ ಮನೆಯ ಸರದಿ ಬಂದಾಗ ಮೊಕ್ರಾನ್ ಕೆಮ್ಮಿದ. ಹೊಗೆಗೆ ಕೆಮ್ಮಿದನೇನೋ ಎಂದು ನಾನು ಕಾದೆ. ಅವನು ಮುಂದಿನ ಮನೆಯ ಹೆಸರು ಕೂಗಿದ.

ಮನೆಗೆ ಬಂದು ಅಜ್ಜಿಗೆ, "ಎಲ್ಲರನ್ನೂ ಹಂಚಿಬಿಟ್ರು, ಯಾಯಾ," ಎಂದೆ.

ಅಜ್ಜಿ ಪೆಟ್ಟಿಗೆಯಿಂದ ಹವಳದ ಬೆಳ್ಳಿ ಬಿಲ್ಲೆ ತೆಗೆದು ಹಣೆಗೆ ಕಟ್ಟಿಕೊಂಡಳು. ಗಂಡುಮಗು ಹೆತ್ತ ಹೆಂಗಸು ಕಟ್ಟಿಕೊಳ್ಳುವ ಬಿಲ್ಲೆ ಅದು, ಅಪ್ಪ ಹುಟ್ಟಿದಾಗಿನದು. ಹೆಂಗಸರ ಓಣಿ ಬಿಟ್ಟು ಊರ ನಡುವಿನ ದಾರಿಯಲ್ಲೇ ನಡೆದಳು. ಹಿಂದೆ ನಾನು. ಚಾವಡಿಯ ಕಲ್ಲುಕಟ್ಟೆಯ ಮೇಲಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತರು.

"ನಾನ್ನಾ ಮಲ್ಖೀರ್, ನೀವ್ಯಾಕೆ ಈ ಹೊಗೆಯಲ್ಲಿ ಬರೋಕೆ ಹೋದ್ರಿ? ಹೇಳಿಕಳಿಸಿದ್ರೆ ನಾನೇ ಬರ್ತಿದ್ದೆ," ಎಂದ ಮೊಕ್ರಾನ್, ಅಜ್ಜಿಯನ್ನು ಅಕ್ಕ ಎಂದು ಗೌರವದಿಂದ ಕರೆದು.

"ನನ್ನ ನೆಂಟರೆಲ್ಲಿ?"

"ನಿಮಗೆ ಹೊರೆ ಆಗಬಾರದು ಅಂತ..."

"ಹೊರೆ ಅಂತ ನಾನು ಹೇಳಿದ್ನಾ? ನಿನ್ನ ಹೊಕ್ಕಳು ಕೊಯ್ದ ಕೈ ಇದು, ಮೊಕ್ರಾನ್. ಅವತ್ತು ನಡುಗಲಿಲ್ಲ, ಇವತ್ತೂ ನಡುಗ್ತಿಲ್ಲ. ನಿನ್ನ ಮನೆಗೆ ಎಷ್ಟು ಜನ ಕರ್ಕೊಂಡೆ?"

"ಏಳು."

"ಪಾಪ. ನಿನ್ನ ಹೆಂಡತಿ ಸಾರಲ್ಲಿ ಕಡಲೆಕಾಳು ಹುಡುಕೋಕೆ ದೀಪ ಹಚ್ಚಬೇಕು. ಬೆಂಕಿಯಿಂದ ತಪ್ಪಿಸ್ಕೊಂಡು ಬಂದು ಹಸಿವಿನ ಬಾಯಿಗೆ ಬಿದ್ರಲ್ಲಪ್ಪ."

ಕಟ್ಟೆಯ ಮೇಲೆ ಯಾರೋ ನಕ್ಕರು. ಮೊಕ್ರಾನನೂ ನಗು ತಡೆಯಲಾರದೆ ಗಡ್ಡ ಸವರಿಕೊಂಡ. ಆದರೆ ಒಂದು ಹೊಸ್ತಿಲು ದಾಟಿ ಕೂತ ನೆಂಟರನ್ನು ಎಬ್ಬಿಸಿ ಇನ್ನೊಂದು ಮನೆಗೆ ಕಳಿಸುವ ಹಾಗಿಲ್ಲ. ಅದು ಅಜ್ಜಿಗೂ ಗೊತ್ತಿತ್ತು. "ಈಗ ಏನು ಮಾಡ್ಲಿ, ನೀವೇ ಹೇಳಿ," ಎಂದು ಕೈಚೆಲ್ಲಿದ ಮೊಕ್ರಾನ್, "ಉಳಿದಿರೋದು ಅವರೊಬ್ಬರೇ. ಅವರನ್ನ ಯಾರಿಂದಲೂ ಕದಲಿಸೋಕಾಗ್ಲಿಲ್ಲ," ಎಂದು ಆಲಿವ್ ಮರದತ್ತ ತೋರಿಸಿದ.

ಮರದ ಕೆಳಗೆ ಒಬ್ಬ ಮುದುಕಿ ತನ್ನ ಗಂಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹುಬ್ಬು ಸುಟ್ಟಿತ್ತು, ಮುಖದ ಮೇಲೆ ಮಸಿ. ಮಡಿಲಲ್ಲಿ ಕುಸ್ಕುಸ್ ಜರಡಿ. ಅವಳ ಹೆಸರು ಫೆರೂಜಾ. ನಾಲ್ಕು ಮನೆಯವರು ಬಂದು ಕರೆದಿದ್ದರಂತೆ. ನಾಲ್ವರಿಗೂ ಅವಳು ಒಂದೇ ಮಾತು ಹೇಳಿದ್ದಳಂತೆ: "ನಾನು ಹುಟ್ಟಿದಾಗಿನಿಂದ ಇನ್ನೊಬ್ಬರ ರೊಟ್ಟಿ ಮುರಿದವಳಲ್ಲ."

ಅಜ್ಜಿ ಹೋಗಿ ಅವಳೆದುರು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ಅಳೆದರು. ಕಥೆಗಳಲ್ಲಿ ಎರಡು ಬೆಟ್ಟಗಳು ದಾರಿಗೆ ಅಡ್ಡ ನಿಂತು ಜಗಳವಾಡುತ್ತವಲ್ಲ, ನನಗೆ ಹಾಗೆ ಕಂಡಿತು. ಇವಳೂ ಬಾರದಿದ್ದರೆ ನಮ್ಮ ಮನೆ ಊರಿನ ಲೆಕ್ಕಕ್ಕೆ ಇನ್ನೆಂದೂ ಬರುವುದಿಲ್ಲ.

"ನಿನ್ನನ್ನ ಊಟಕ್ಕೆ ಕರೀತಿಲ್ಲ ನಾನು," ಎಂದಳು ಅಜ್ಜಿ.

"ಮತ್ತೆ?"

"ಇವಳು ನನ್ನ ಮೊಮ್ಮಗಳು. ಇವಳು ಹೊಸೆದ ಕುಸ್ಕುಸ್ ನೋಡಿದ್ರೆ ಕೋಳಿನೂ ಮುಖ ತಿರುಗಿಸತ್ತೆ. ಇಗಿಲ್ ಹೆಂಗಸರ ಕೈ ಅಂದ್ರೆ ಕೈ ಅಂತ ನಮ್ಮತ್ತೆ ಸಾಯೋವರೆಗೂ ಹೇಳ್ತಿದ್ಲು. ನಂಗಂತೂ ನಂಬಿಕೆ ಬಂದಿಲ್ಲ."

ಫೆರೂಜಾ ನನ್ನ ಕೈ ಎಳೆದುಕೊಂಡು ಅಂಗೈ ಸವರಿ ನೋಡಿದಳು. "ಬೆರಳು ಚೆನ್ನಾಗಿವೆ. ಮನಸ್ಸು ಎಲ್ಲೋ ಇದೆ ಇವಳದು."

"ಹೊಗೆಯಲ್ಲಿ," ಎಂದಳು ಅಜ್ಜಿ.

"ನಿಮ್ಮತ್ತೆ ತಿಳಿದವಳು," ಎಂದು ಫೆರೂಜಾ ಎದ್ದಳು. ಗಂಟು ಹೊರಲು ನಾನು ಕೈ ಚಾಚಿದರೆ ಬಿಡಲಿಲ್ಲ. ಅಜ್ಜಿ ತಿರುಗಿ ಮೊಕ್ರಾನನನ್ನು ನೋಡಿದಳು, ನೋಡುತ್ತಲೇ ಇದ್ದಳು. ಅವನು ನಿಟ್ಟುಸಿರು ಬಿಟ್ಟು, ಎದೆ ಸೆಟೆಸಿ, ಇಡೀ ಊರಿಗೆ ಕೇಳುವ ಹಾಗೆ ಕೂಗಿದ: "ಆತ್ ಮೆಜ್ಯಾನರ ಮನೆಗೆ, ಇಗಿಲ್‌ನ ಫೆರೂಜಾ."

ಮನೆಯಲ್ಲಿ ಫೆರೂಜಾ ನನ್ನ ಕುಸ್ಕುಸನ್ನು ಬೆರಳಲ್ಲಿ ಹಿಸುಕಿ, "ಇದನ್ನ ಸುರಿದಿದ್ರೆ ನಮ್ಮೂರ ಬೆಂಕಿ ಆರಿಹೋಗ್ತಿತ್ತು, ಇಷ್ಟಿಷ್ಟು ದಪ್ಪ ಕಲ್ಲು," ಎಂದಳು. ಮತ್ತೆ ಹೊಸೆಯಿಸಿದಳು. ರುಚಿ ನೋಡದೆ ಹೇಗೆ ಹೇಳುವುದೆಂದು ಒಂದು ಬಟ್ಟಲು ತಿಂದಳು, ಎಣ್ಣೆ ಹದವಾಗಿದೆಯೇ ಎಂದು ಇನ್ನೊಂದು. ಅಜ್ಜಿ ಬೇರೆಡೆ ನೋಡುತ್ತಿದ್ದಳು. ಅಮ್ಮ ಸೆರಗಿನ ಮರೆಯಲ್ಲಿ ಕಣ್ಣೊರೆಸಿಕೊಂಡಳು. ಕೇಳಿದರೆ ಹೊಗೆ ಎಂದಳು.

ಮರುದಿನ ಬೆಳಿಗ್ಗೆ ಗಾಳಿ ತಿರುಗಿತು. ನಮ್ಮ ಮೇಲಿನ ಗುಡ್ಡದ ಅಂಚಿನಲ್ಲಿ ಮೊದಲ ಬಾರಿಗೆ ಬೆಂಕಿಯ ನಾಲಿಗೆ ಕಂಡಿತು. ಪೊದೆ ಕಡಿದು ಬರಿನೆಲದ ಪಟ್ಟಿ ಮಾಡಬೇಕು, ಮನೆಗೊಂದು ಆಳು ಬರಬೇಕು ಎಂದು ಚಾವಡಿಯಿಂದ ಕೂಗು ಎದ್ದಿತು. ನಾವು ನಾಲ್ವರೂ ಅಂಗಳದಲ್ಲಿ ನಿಂತು ಹೆಸರುಗಳನ್ನು ಕೇಳಿಸಿಕೊಂಡೆವು. ನಮ್ಮ ಪಕ್ಕದ ಮನೆಯ ಹೆಸರಾಯಿತು. ಕೆಮ್ಮು ಬರಲಿಲ್ಲ.

"ಆತ್ ಮೆಜ್ಯಾನರ ಮನೆ."

ಅಮ್ಮ ನನ್ನ ತೋಳು ಹಿಡಿದು ಅಜ್ಜಿಯತ್ತ ತಿರುಗಿದಳು. "ನಾನು ಹೋಗ್ತೀನಿ. ಇವಳು ಬೇಡ, ಯೆಮ್ಮಾ. ಇವಳು ಕನಸು ಕಾಣ್ತಾ ಬೆಂಕಿಯೊಳಗೇ ನಡೆದುಬಿಡ್ತಾಳೆ."

ಅಜ್ಜಿಯ ಮುಖ ಒಂದು ಗಳಿಗೆ ಬಿಳಚಿಕೊಂಡಿತು. ತಾನು ಕೇಳಿ ಪಡೆದದ್ದು ಏನೆಂದು ಅವಳಿಗೆ ಆಗ ಹೊಳೆದಿರಬೇಕು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಅಪ್ಪನ ಮಚ್ಚು ತೆಗೆದುಕೊಂಡಿದ್ದೆ. ಫೆರೂಜಾ ತನ್ನ ತಲೆವಸ್ತ್ರ ನೀರಲ್ಲಿ ಅದ್ದಿ ನನ್ನ ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿದಳು. "ಬೆನ್ನು ಬೆಂಕಿ ಕಡೆ ಮಾಡಬೇಡ, ಮಗಳೇ. ಉಳಿದದ್ದೆಲ್ಲ ಕುಸ್ಕುಸ್ ಥರಾನೇ, ಕೈ ನಿಲ್ಲಿಸಬಾರದು."

ಗುಡ್ಡದ ಮೇಲೆ ಗಂಡಸರು ನನ್ನನ್ನು ನೋಡಿ ಮಚ್ಚು ಕೆಳಗಿಳಿಸಿದರು. ಒಬ್ಬ ಪಡ್ಡೆ, "ಕುಂಕುಮಹೂ ಕೀಳೋಕೆ ಬಂದ್ಯಾ?" ಎಂದ. ಮೊಕ್ರಾನ್ ಅವನ ತಲೆಗೊಂದು ಮೊಟಕಿ, ಮಚ್ಚಿನ ತುದಿಯಿಂದ ನೆಲದಲ್ಲಿ ಎರಡು ಗೆರೆ ಎಳೆದ. ಬೇರೆ ಮನೆಗಳಿಗೆ ಕೊಟ್ಟಷ್ಟೇ ಅಗಲ, ಒಂದು ಗೇಣೂ ಕಡಿಮೆಯಿಲ್ಲ. "ಇದು ನಿಮ್ಮನೆ ಪಾಲು," ಎಂದ.

ನಾನು ಬೆಂಕಿಗೆ ಮುಖ ಮಾಡಿ ನಿಂತು ಕಡಿಯತೊಡಗಿದೆ. ಪೊದೆಯ ಬುಡ ಕಬ್ಬಿಣದಂತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಪಡ್ಡೆ ತನ್ನ ಮನೆಯ ಪಾಲು ಮುಗಿಯದೆ ಏದುಸಿರು ಬಿಡುತ್ತಿದ್ದಾಗ, ನಮ್ಮ ಗೆರೆಯವರೆಗಿನ ನೆಲ ಬೋಳಾಗಿತ್ತು. ನಾನು ಹಣೆಯ ಬೆವರು ಒರೆಸಿಕೊಂಡು, ಗೆರೆ ದಾಟಿ, ಅವನ ಮನೆಯ ಪಾಲಿನ ಪೊದೆಗೆ ಮಚ್ಚು ಹಾಕಿದೆ.