ಉಲ್ಲಾಸನ ಅಪ್ಪಣೆ

ಟಣ್ — ಮತ್ತೆ ಅದೇ ಸದ್ದು, ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ, ಪರದೆಯ ನಡುವೆ ಮತ್ತೆ ಅದೇ ಬಿಳಿ ಚೌಕ, ಇಲ್ಲಿ ಉಳಿಸಲು ನಿಮಗೆ ಅನುಮತಿಯಿಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ, ಕೇಳು ಎಂದರೆ ಎಲ್ಲಿಗೆ ಹೋಗಿ ಕೇಳುವುದು, ಶ್ರೀಲಕ್ಷ್ಮಿ ಮೌಸಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು, ಕೇಳಬೇಕಾದವನ ಹೆಸರು ಅಲ್ಲೇ ಇದೆ, ಉಲ್ಲಾಸ, ಹೆಸರಿನ ಕೆಳಗೆ ಪಾಸ್‌ವರ್ಡಿನ ಖಾಲಿ ಪೆಟ್ಟಿಗೆ, ಅದರೊಳಗೊಂದು ಗೆರೆ ಹುಟ್ಟುತ್ತದೆ ಸಾಯುತ್ತದೆ ಹುಟ್ಟುತ್ತದೆ, ತಮ್ಮನ ವೈಕುಂಠ ಸಮಾರಾಧನೆ ನಾಳೆ, ಅವನ ಮಶಿನ್ನಿಗೆ ಇದನ್ನು ಹೇಳಿದವರು ಯಾರೂ ಇಲ್ಲ. ಹೊರಗೆ ಸಿದ್ದಾಪುರದ ಬಸ್ಸು ಹಾರ್ನ್ ಹಾಕುತ್ತಿದೆ, ಶಿರಸಿ ಪೇಟೆಗೆ ಏನೂ ಆಗಿಲ್ಲ, ಅಂಗಡಿಯೊಳಗೆ ಶಾಯಿಯ ವಾಸನೆ, ಕರೆಯೋಲೆ ಕಟ್ಟುಗಳು, ಊರವರ ಮದುವೆ ಮುಂಜಿಗೆಲ್ಲ ಅಕ್ಕ ತಮ್ಮ ಕೂತು ಅಕ್ಷರ ಜೋಡಿಸಿದ್ದು ಇಲ್ಲೇ, ಅವನ ಕಾರ್ಡನ್ನೂ ಇಲ್ಲೇ ಜೋಡಿಸಿದಳು, ಯಾರದೋ ಹಳೇ ಸಮಾರಾಧನೆಯ ಕಾರ್ಡು ತೆರೆದು ಹೆಸರು ಬದಲಿಸಿದಳು, ಉಳಿದದ್ದೆಲ್ಲ ಅದೇ, ಶ್ರೀಹರಿಯ ಪಾದ ಸೇರಿದ ಎಂಬ ಸಾಲಂತೂ ಮುಟ್ಟಬೇಕಾಗಲಿಲ್ಲ, ಹೆಸರು ಬದಲಿಸುವುದು ಅಷ್ಟು ಸಲೀಸು. ಈಗ ಬೇಕಾದದ್ದು ಒಂದೇ, ತ್ಯಾಗಲಿ ಊರಿನ ಮಮತಾ ಮೇಲ್ ಮಾಡಿದ್ದಾಳೆ, ಹೋದ ಚಾತುರ್ಮಾಸದಲ್ಲಿ ನಮ್ಮ ಮನೆ ಜಗಲಿಯಲ್ಲಿ ಉಲ್ಲಾಸ ಕಾವ್ಯ ಓದಿದ್ದನ್ನು ರೆಕಾರ್ಡ್ ಮಾಡಿಟ್ಟಿದ್ದೆ ಅಕ್ಕಾ, ನಾಳೆ ಊಟಕ್ಕೆ ಮೊದಲು ಎಲ್ಲರಿಗೂ ಕೇಳಿಸು, ಅವನ ದನಿ ಇರೋದು ಇದೊಂದೇ — ಫೋನಿಗೆ ಇಳಿಸಲು ಜಾಗವಿಲ್ಲ, ಇಲ್ಲಿ ಅಪ್ಪಣೆಯಿಲ್ಲ. ಮೊದಲು ಇತ್ತು, ತಾನೇ ಕಳೆದುಕೊಂಡದ್ದು, ಸಹಸ್ರನಾಮ ಪುಕ್ಕಟೆ ಎಂದು ಕಂಡದ್ದನ್ನೆಲ್ಲ ಒತ್ತಿ, ವಿಷ್ಣುವಿನ ಬದಲು ಪರದೆ ತುಂಬ ರಮ್ಮಿ ಆಡಿ ಎಂದು ಕುಣಿಯುವ ಇಸ್ಪೀಟೆಲೆ, ಉಲ್ಲಾಸ ಹೊಟ್ಟೆ ಹಿಡಿದು ನಕ್ಕಿದ್ದ, ನಿಂಗೆ ಎಂತ ಕೇಳಿದ್ರೂ ಯೆಸ್ಸೇ ಅಲ್ದನೇ ಅಕ್ಕಾ, ನಾಳೆ ಯಮ ಬಂದು ಕೇಳಿದ್ರೂ ಯೆಸ್ ಒತ್ತತೆ ನೀನು, ಇನ್ಮೇಲೆ ಯನ್ನ ಕೇಳ್ದೆ ಒಂದು ಹುಲ್ಲುಕಡ್ಡಿನೂ ಇದ್ರೊಳಗೆ ಇಳೀತಿಲ್ಲೆ ನೋಡು — ಆಗಲೂ ಅವಳು ಹೌದು ಎಂದೇ ತಲೆಯಾಡಿಸಿದ್ದಳು. ಯಮ ಬಂದಾಗ ಮಾತ್ರ, ಬೇಡ, ಅದು ಬೇಡ, ಒಣಗಿದ ತುಟಿ, ಬಿಳಿ ಸಿಪ್ಪೆ ಎದ್ದ ತುಟಿ, ಬೇಡ.

ಫೋನು ಕಿವಿಯಲ್ಲಿ ಬಿಸಿಯಾಗಿದೆ, ಯಲ್ಲಾಪುರದಿಂದ ದರ್ಶನ, ಈ ಮಶಿನ್ ಜೋಡಿಸಿಕೊಟ್ಟವನು, ಗಾಬ್ರಿ ಆಗಬ್ಯಾಡ್ರಿ ಅಕ್ಕಾರ, ರಿಪೇರಿಗಂತ ನಂದೊಂದು ಅಕೌಂಟ್ ಇಟ್ಟೀನಿ, ಪಾಸ್‌ವರ್ಡ್ ಹೇಳ್ತೀನಿ, ಅದ್ರಾಗ ಒಳಗ ಹೋಗ್ರಿ, ಹೋದ್ರೇನ್ರಿ, ಈಗ ಡೌನ್‌ಲೋಡ್ಸ್ ಫೋಲ್ಡರಿನ ಮ್ಯಾಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್, ಮ್ಯಾಲೆ ಓನರ್ ಅಂತ ಐತಲ್ಲ, ಯಾರ ಹೆಸರೈತಿ ಓದ್ರಿ. ಅವಳು ಉಲ್ಲಾಸ ಎಂಬುದರ ಮೇಲೆ ಬೆರಳಿಟ್ಟಳು. ಅತ್ತ ದರ್ಶನ ಮೆಲ್ಲಗೆ, ಇರ್ಲಿ ಅಕ್ಕಾರ, ಪಕ್ಕದಾಗ ಚೇಂಜ್ ಐತಿ, ಅದನ್ನ ಒತ್ತಿ ನಿಮ್ಮ ಹೆಸರು ಹಾಕ್ರಿ. ತಮ್ಮನ ಹೆಸರು ತೆಗೆದು ತನ್ನದು, ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ, ದೀಪದ ಮುಂದೆ ಚಕ್ಕಳಬಕ್ಕಳ ಕೂತು ಅಪ್ಪ ರಾಗವಾಗಿ ಓದುತ್ತಿದ್ದ ಆ ಕೊಳದ ಕಥೆ, ಅಪ್ಪಣೆಯಿಲ್ಲದೆ ನೀರು ಮುಟ್ಟಬೇಡ ಎಂಬ ಕಾಣದ ದನಿ, ಬಾಯಾರಿ ಬಂದ ತಮ್ಮಂದಿರು ಒಬ್ಬೊಬ್ಬರಾಗಿ ದಡದಲ್ಲಿ ಉರುಳುವುದು, ಅಷ್ಟಕ್ಕೇ ತನಗೆ ಅಳು, ಪುಟ್ಟ ಉಲ್ಲಾಸನಿಗೆ ಸಿಟ್ಟು, ಬಾಯಾರಿದವಂಗೆ ನೀರು ಕೊಡಲೂ ಅಪ್ಪಣೆ ಬೇಕನೋ ಅಪ್ಪಾ, ಅಪ್ಪ ಓಲೆಗರಿ ಬಣ್ಣದ ಹಾಳೆಯಿಂದ ಕಣ್ಣೆತ್ತದೆ, ಶ್ ಕೇಳು ಎಂದಿದ್ದ, ಕೇಳಿದಳು, ಜನ್ಮವಿಡೀ ಕೇಳಿದಳು, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೂ ಕೇಳಿದಳು, ಆಪರೇಶನ್ನಿಗೆ ಒಯ್ಯುವ ತನಕ ಡಾಕ್ಟರು ಹೇಳದೆ ಒಂದು ಹನಿಯೂ ಕೊಡುವ ಹಾಗಿಲ್ಲ ಎಂದಳು ನರ್ಸ್, ಅವಳದು ತಪ್ಪಲ್ಲ, ನಿಯಮ, ಉಲ್ಲಾಸ ನಾಲಿಗೆಯಿಂದ ತುಟಿ ಸವರಿಕೊಂಡು ನೋಡಿದ, ಒಂದು ಚಮಚ ಕೊಡೇ, ಅವಳು ಲೋಟದಿಂದ ಚಮಚ ತುಂಬಿದಳು, ಎತ್ತಿದಳು, ಚಮಚದಲ್ಲಿ ಟ್ಯೂಬ್‌ಲೈಟು ನಡುಗುತ್ತಿತ್ತು, ಬಾಯಾರಿದ ತಮ್ಮ ನಗಲು ನೋಡಿದ, ಜಲ್ಮದಲ್ಲಿ ಎಲ್ಲದಕ್ಕೂ ಯೆಸ್ ಹೇಳಿದ್ದೆ ನೀನು, ಇದೊಂದಕ್ಕೆ ಹೇಳೇ ಅಕ್ಕಾ, ಅವಳು ಇಲ್ಲೆ ತಮಾ ಎಂದು ಚಮಚವನ್ನು ಲೋಟಕ್ಕೇ ಬಗ್ಗಿಸಿದಳು, ಟಣ್, ಗಾಲಿ ಮಂಚ ಬಂತು, ಹೋಯಿತು, ಆ ಬಾಗಿಲಿನಿಂದ ತಿರುಗಿ ಬಂದದ್ದು ಬಿಳಿ ಬಟ್ಟೆ. ಆಮೇಲೆ ಬಾಯಿಗೆ ಗಂಗೆ ಬಿಟ್ಟರು, ತುಳಸಿ ಇಟ್ಟರು, ಯಾರನ್ನೂ ಕೇಳಬೇಕಾಗಿರಲಿಲ್ಲ, ನೀರು ಕೆನ್ನೆಯ ಮೇಲಿಂದ ಹರಿದು ದಿಂಬಿಗೆ ಹೋಯಿತು.

ಅಕ್ಕಾರ, ಇದ್ದೀರೇನ್ರಿ, ಅಪ್ಲೈ ಒತ್ರಿ, ಖಾತ್ರಿಯೇನು ಅಂತ ಕೇಳತೈತಿ, ಯೆಸ್ ಅನ್ರಿ. ಒತ್ತಿದಳು. ಫೈಲುಗಳ ಹೆಸರು ಸರಸರ ಓಡಿದವು, ಮದುವೆ, ಗೃಹಪ್ರವೇಶ, ಉಪನಯನ, ಎಲ್ಲ ಈಗ ಅವಳವು, ಮೇಲೆ ಉಲ್ಲಾಸ ಇದ್ದಲ್ಲಿ ಶ್ರೀಲಕ್ಷ್ಮಿ. ಫೋನಿಟ್ಟು ತನ್ನ ಖಾತೆಗೆ ಬಂದು ಮಮತಾಳ ಮೇಲ್ ತೆರೆದಳು, ಈ ಸಲ ಸದ್ದಿಲ್ಲ, ಚೌಕವಿಲ್ಲ, ಹಸಿರು ಗೆರೆ ತುಂಬುತ್ತ ತುಂಬುತ್ತ ತುದಿ ಮುಟ್ಟಿತು, ಮೊದಲು ಚಾಪೆ ಎಳೆಯುವ ಸದ್ದು, ಮಮತಾಳ ನಗು, ಯಾರದೋ ಕೆಮ್ಮು, ಆಮೇಲೆ ಅವನು, ಇಷ್ಟು ಹತ್ತಿರ, ಶುರು ಮಾಡ್ತಿ, ತಡಿರೋ, ಗಂಟ್ಲು ಒಣಗೋಜು, ಒಂಚೂರು ನೀರು ಕೊಡಿ ನೋಡನ — ಬಳೆಯ ಸದ್ದು, ಗುಟುಕ್, ಗುಟುಕ್, ಆಹ್, ಲೋಟ ನೆಲಕ್ಕೆ ಇಟ್ಟದ್ದು, ಟಣ್. ಕೊಟ್ಟರು, ಯಾರೋ ಕೊಟ್ಟರು, ಯಾರನ್ನೂ ಕೇಳದೆ ಕೊಟ್ಟರು. ರಾಗ ಏಳುವ ಮೊದಲೇ ಅವಳು ಹಿಂದಕ್ಕೆ ಎಳೆದಳು, ಒಂಚೂರು ನೀರು ಕೊಡಿ, ಮತ್ತೆ ಎಡಗೈಯಲ್ಲೇ ಹಿಂದಕ್ಕೆ, ನೀರು ಕೊಡಿ, ಬಲಗೈ ಮೌಸಿನ ಮೇಲಿಲ್ಲ, ಗಾಳಿಯಲ್ಲಿ ಎತ್ತಿದ್ದು ಹಾಗೇ ನಿಂತಿದೆ, ಚೆಲ್ಲದ ಹಾಗೆ, ಅಲುಗದ ಹಾಗೆ, ತುಂಬಿದ ಚಮಚ.