ತೊಳೆದ ಕಸ

ನಮ್ಮ ಓಣಿಯ ಹಿಂದೆ ಹೊಳೆ ಇದೆ, ಕುಡಿಯಲು ನೀರಿಲ್ಲ. ಮೇಲ್ಗಡೆಯ ಚರ್ಮದ ಕಾರ್ಖಾನೆಯ ಪೈಪು ಹಗಲೂ ರಾತ್ರಿ ಅದಕ್ಕೇ ಕೊಳೆ ನೀರು ಬಿಡುತ್ತದೆ. ಆ ನೀರು ಮುಟ್ಟಿದರೆ ಎರಡು ದಿನ ಮೈ ಕೆರೆದುಕೊಳ್ಳಬೇಕು. ಅದಕ್ಕೇ ನಗರಸಭೆಯವರು ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಕಳಿಸುತ್ತಾರೆ. ಮನೆಗೆ ನಾಲ್ಕು ಕೊಡ.

ನನ್ನ ಅತ್ತಿಗೆ ಗುಜರಿ ಅಂಗಡಿಯಲ್ಲಿ ಕಸ ವಿಂಗಡಿಸುವವಳು. ಇಪ್ಪತ್ತು ವರ್ಷದ ಕೆಲಸ. ಹಾಲಿನ ಕವರು ಯಾವುದು, ಎಣ್ಣೆಯ ಕವರು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಾಳೆ. ಮನೆಯಲ್ಲೂ ಅದೇ ಚಾಳಿ. ಬಟ್ಟೆ ಮಡಿಚುವಾಗ ಗುಂಡಿ ಇರುವುದು ಒಂದು ಕಡೆ, ಗುಂಡಿ ಕಿತ್ತುಹೋದದ್ದು ಒಂದು ಕಡೆ.

"ನಾನು ಯಾವ ಗುಡ್ಡೆಗೆ ಸೇರ್ತೀನೆ?" ಎಂದು ಅಣ್ಣ ರೇಗಿಸಿದರೆ, "ಯಾರೂ ಕೊಳ್ಳದೇ ಇರೋ ಗುಡ್ಡೆಗೆ" ಎನ್ನುತ್ತಾಳೆ.

ಅತ್ತಿಗೆಯ ಮಗಳು ಹೆತ್ತು ಎಂಟು ದಿನವಾಗಿತ್ತು. ಹಸುಗೂಸಿನ ಮೈ ತೊಳೆಯಲು ನೀರಿಲ್ಲದೆ ಮನೆಮಂದಿಯೆಲ್ಲ ಟ್ಯಾಂಕರ್ ಕಾಯುತ್ತಿದ್ದೆವು. ಟ್ಯಾಂಕರ್ ಬಂತು. ಅದರ ಹಿಂದೆಯೇ ನಗರಸಭೆಯ ಇನ್ಸ್‌ಪೆಕ್ಟರೂ ಬಂದರು.

"ನಾಳೆ ಹೊಳೆ ಸ್ವಚ್ಛ ಮಾಡೋ ಕಾರ್ಯಕ್ರಮ. ಇನ್ನೂರು ಜನ ಸ್ವಯಂಸೇವಕರು ಬರ್ತಾರೆ. ಕಾರ್ಖಾನೆ ಸಾಹೇಬ್ರೇ ಮುಖ್ಯ ಅತಿಥಿ. ಬರೋರೆಲ್ಲ ದೊಡ್ಡ ಮನೆಯವರು, ಈ ಕೊಳಕು ಮುಟ್ಟೋಕಾಗುತ್ತಾ? ನೀವು ಹತ್ತು ಮೂಟೆ ಕಸ ಎತ್ತಿ, ತೊಳೆದು, ದಂಡೆ ಮೇಲೆ ಹರಡಿಡಿ."

"ಕಸಾನ ತೊಳೀಬೇಕಾ?" ಎಂದಳು ಅತ್ತಿಗೆ.

"ವಾಸನೆ ಬರಬಾರ್ದಮ್ಮ."

"ಯಾವ ನೀರಲ್ಲಿ ಸಾರ್?"

"ಹೊಳೇಲಿ ತೊಳೆದ್ರೆ ಇನ್ನೂ ನಾರುತ್ತೆ. ಟ್ಯಾಂಕರ್ ಇದೆಯಲ್ಲ."

"ಮನೇಲಿ ಬಾಣಂತಿ ಇದ್ದಾಳೆ ಸಾರ್. ಎಳೆ ಮಗು."

"ಒಂದು ಸಲ ಅಡ್ಜಸ್ಟ್ ಮಾಡ್ಕೊಳ್ಳಿ. ಹೊಳೆ ಚೆನ್ನಾದ್ರೆ ಒಳ್ಳೇದಾಗೋದು ಯಾರಿಗೆ? ನಿಮಗೇ ತಾನೆ!"

ಆಗದು ಎಂದರೆ ಮುಂದಿನ ಟ್ಯಾಂಕರ್ ಬರುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಮಗೆ ಅರ್ಥವಾಯಿತು. ತೊಳೆದೆವು. ನಮ್ಮ ಮಕ್ಕಳು ಯಾವತ್ತೂ ಕಾಣದಷ್ಟು ನೀರನ್ನು ಆ ಬಾಟಲಿಗಳು ಕಂಡವು. ಮಗುವಿಗೆ ಉಳಿದದ್ದು ಅರ್ಧ ಕೊಡ. ಅದರಲ್ಲೇ ಬಟ್ಟೆ ಅದ್ದಿ ಮೈ ಒರೆಸಿದೆವು.

ಬೆಳಿಗ್ಗೆ ದಂಡೆ ನೋಡಿ ಇನ್ಸ್‌ಪೆಕ್ಟರ್ ತಲೆ ಚಚ್ಚಿಕೊಂಡರು. ಅತ್ತಿಗೆ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಳು, ಮುಚ್ಚಳಗಳನ್ನು ಗುಡ್ಡೆ ಹಾಕಿದ್ದಳು, ಹರಿದ ಚಪ್ಪಲಿಗಳನ್ನು ಜೋಡಿ ಮಾಡಿದ್ದಳು.

"ಅಂಗಡಿ ಇಟ್ಟಿದ್ದೀಯೇನಮ್ಮ? ಕಸ ಅಂದ್ರೆ ಕಸದ ಥರ ಬಿದ್ದಿರಬೇಕು. ಚೆಲ್ಲು!"

ಅತ್ತಿಗೆ ಒಂದು ಬಾಟಲಿ ಎಸೆದಳು. ಹೋಗಿ ಅದನ್ನು ಮತ್ತೆ ಎತ್ತಿಕೊಂಡು ಬಂದು ಸಾಲಿಗೇ ಸೇರಿಸಿದಳು.

"ಕೈ ಬರಲ್ಲ ಸಾರ್."

ಕೊನೆಗೆ ಇನ್ಸ್‌ಪೆಕ್ಟರೇ ಚೆಲ್ಲಿದರು. ನಮ್ಮ ಹೊಳೆಗೆ ಅವರು ಕೈಯಾರೆ ಮಾಡಿದ ಕೆಲಸ ಅದೊಂದೇ.

ಅತಿಥಿಗಳು ಬಿಳಿ ಅಂಗಿ, ಕೈಗವಸು ತೊಟ್ಟು ಬಂದರು. ಅಷ್ಟು ಹೊತ್ತು ಪೈಪು ಬಂದ್. ಅದರ ಬಾಯಿಗೆ ಹೂವಿನ ಕುಂಡ ಅಡ್ಡ ಇಟ್ಟಿದ್ದರು. ಒಬ್ಬೊಬ್ಬರು ಒಂದೊಂದು ಬಾಟಲಿ ಎತ್ತಿದರು. ಫೋಟೋ ಸರಿ ಬರದವರು ಅದನ್ನೇ ಕೆಳಗಿಟ್ಟು ಮತ್ತೆ ಎತ್ತಿದರು. ಸಾಹೇಬರು ಒಂದು ಚಪ್ಪಲಿಯನ್ನು ಮೂಗಿನ ಹತ್ತಿರ ಹಿಡಿದು, "ನೋಡಿ, ಜನ ಹೇಳೋವಷ್ಟೇನೂ ಕೊಳಕಿಲ್ಲ" ಎಂದರು. ಚಪ್ಪಾಳೆ ಬಿತ್ತು. "ಇಲ್ಲಿಯವರಿಗೆ ಸ್ವಚ್ಛತೆ ಅಂದ್ರೇನು ಅಂತ ನಾವೇ ಕಲಿಸಬೇಕು" ಎಂದೂ ಹೇಳಿದರು. ತಿಕ್ಕಿ ತಿಕ್ಕಿ ಚರ್ಮ ಸುಲಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತ್ತಿಗೆ ಹಿಂದೆ ನಿಂತಿದ್ದಳು. ಅವರ ಕಾರುಗಳು ಸೇತುವೆ ದಾಟುವ ಮೊದಲೇ ಪೈಪು ಮತ್ತೆ ಶುರುವಾಯಿತು.

ನಾಲ್ಕು ದಿನ ಕಳೆಯಿತು, ಟ್ಯಾಂಕರ್ ಬರಲಿಲ್ಲ. ಆರನೆಯ ದಿನ ನಾನೂ ಅತ್ತಿಗೆಯೂ ಇನ್ಸ್‌ಪೆಕ್ಟರ ಆಫೀಸಿಗೆ ಹೋದೆವು. ಅವರು ಗೋಡೆಯ ಮೇಲಿನ ಹೊಸ ಪ್ರಶಸ್ತಿ ಪತ್ರ ತೋರಿಸಿದರು.

"ಹೊಳೆ ಶುದ್ಧ ಆಗಿದೆ ಅಂತ ಮೇಲಕ್ಕೆ ರಿಪೋರ್ಟ್ ಹೋಗಿದೆ. ಶುದ್ಧ ಹೊಳೆ ಪಕ್ಕ ಇರೋರಿಗೆ ಟ್ಯಾಂಕರ್ ಕೊಡೋಕೆ ರೂಲ್ಸಲ್ಲಿ ಇಲ್ಲ."

"ನೀರಿಗೇನು ಮಾಡೋದು ಸಾರ್?"

"ಹೊಳೆ ಇದೆಯಲ್ಲ."

"ಬೇರೆ ದಾರಿ ಇಲ್ದೆ ನಿನ್ನೆ ಅದರಲ್ಲೇ ಮಗೂಗೆ ಮೈ ತೊಳೆದ್ವಿ. ಮೈತುಂಬ ಗುಳ್ಳೆ ಎದ್ದಿದೆ. ರಾತ್ರಿಯೆಲ್ಲ ಚೀರ್ತು."

"ಡಾಕ್ಟರಿಗೆ ತೋರಿಸಿ. ಅದು ನನ್ನ ಇಲಾಖೆ ಅಲ್ಲ."

ಅತ್ತಿಗೆ ಮನೆಗೆ ಬಂದಳು. ಆಮೇಲೆ ಓಣಿಯ ಒಂದೊಂದೇ ಬಾಗಿಲು ತಟ್ಟಿದಳು.

ಮರುದಿನ ಆಫೀಸು ತೆರೆಯುವ ಹೊತ್ತಿಗೆ ನಾವು ನಲವತ್ತು ಹೆಂಗಸರು ಮೆಟ್ಟಿಲ ಮೇಲಿದ್ದೆವು. ಎಲ್ಲರ ತಲೆಯ ಮೇಲೂ ಆಗತಾನೆ ಹೊಳೆಯಿಂದ ಎತ್ತಿದ ಕಸದ ಮೂಟೆ. ಅದರಿಂದ ಕರಿ ನೀರು ತೊಟ್ಟಿಕ್ಕುತ್ತಿತ್ತು.

"ಏಯ್, ಏಯ್, ಒಳಗೆ ತರಬೇಡಿ!" ಇನ್ಸ್‌ಪೆಕ್ಟರ್ ಮೂಗು ಮುಚ್ಚಿಕೊಂಡು ಎದ್ದರು.

ಅತ್ತಿಗೆ ಮೂಟೆಯ ಹಗ್ಗ ಬಿಚ್ಚಿ ಮೇಜಿನ ಮೇಲೆ ಸುರಿದಳು. ಈ ಸಲ ಸಾಲೂ ಇಲ್ಲ, ಗುಡ್ಡೆಯೂ ಇಲ್ಲ. ಫೈಲು, ಕುರ್ಚಿ, ನೆಲ ಎಲ್ಲ ಕಡೆ ಚೆಲ್ಲಿದಳು. ಅವಳ ಹಿಂದೆ ನಾವೂ ಮೂಟೆ ಬಿಚ್ಚಿದೆವು.

"ಏನಮ್ಮಾ ಇದು? ಏನು ನಾತ!"

"ಕಸ ಸಾರ್. ನೀವು ಹೇಳಿದ್ರಲ್ಲ, ಕಸದ ಥರಾನೇ ಚೆಲ್ಲಿದ್ದೀವಿ" ಎಂದಳು ಅತ್ತಿಗೆ. "ತೊಳೆಯೋಕೆ ಮಾತ್ರ ಆಗಲಿಲ್ಲ. ನೀರಿಲ್ಲ."